ಹಳೆ ಸೆಟ್ ಕೀಳುವ ಮುನ್ನ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ. ಯಾವ ಊರಿನ ಕಾರ್ ಡೆಕೋರ್ ಅಂಗಡಿಗೆ ಹೋದರೂ ಈಗ ಒಂದೇ ನೋಟ. ಒಳಗೆ ಗೋಡೆ ತುಂಬಾ ಟಚ್ ಸ್ಕ್ರೀನ್‌ಗಳು. ಹೊರಗೆ ಬಾಗಿಲ ಪಕ್ಕ ಒಂದು ರಟ್ಟಿನ ಡಬ್ಬ, ಅದರಲ್ಲಿ ಕಾರುಗಳಿಂದ ಕಿತ್ತು ಹಾಕಿದ ಹಳೆ ಸ್ಟೀರಿಯೊ ಸೆಟ್‌ಗಳು. ರೇಡಿಯೊ ಮತ್ತು ಸಿಡಿ ಎರಡೂ ಇರುವಂಥವು. ಇಂಥ ಸೆಟ್ ಇದ್ದ ಗಾಡಿ ಅಂದರೆ ಮದುವೆ ದಿಬ್ಬಣದ ಹುಡುಗರು ಅದಕ್ಕೇ ಹತ್ತಬೇಕೆಂದು ಜಗಳ ಆಡುತ್ತಿದ್ದ ಕಾಲ ಒಂದಿತ್ತು. ಈಗ ಗುಜರಿಯವರು ತೂಕಕ್ಕೆ ಹಾಕಿಕೊಂಡು ಹೋಗುತ್ತಾರೆ.

ಕೀಳಲೇಬೇಡಿ ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಕೀಳುವ ಮುನ್ನ ಎರಡು ವಿಷಯ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಒಂದು, ಅದು ಕೆಟ್ಟಿದೆಯೋ ಅಥವಾ ಅದಕ್ಕೆ ನಮ್ಮ ಊರು ಯಾವುದೆಂದು ಗೊತ್ತಿಲ್ಲವೋ. ಎರಡು, ಅದರ ಹೊಟ್ಟೆಯೊಳಗೆ ಏನು ಉಳಿದಿದೆ.

ನಾನು ಜಿಲ್ಲಾ ಸ್ಟ್ರಿಂಗರ್. ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಬರುತ್ತದೆ. ಸ್ವಂತ ಕಾರೂ ಇಲ್ಲ. ದೂರದ ಸುದ್ದಿ ಇದ್ದಾಗ ಮೂರು-ನಾಲ್ಕು ಪತ್ರಿಕೆಯವರು ಸೇರಿ ಒಂದು ಗಾಡಿ ಮಾಡಿಕೊಳ್ಳುತ್ತೇವೆ, ಡೀಸೆಲ್ ದುಡ್ಡು ಹಂಚಿಕೊಳ್ಳುತ್ತೇವೆ. ಹೆಚ್ಚಿನ ಸಲ ಗಾಡಿ ನಮ್ಮ ದೊಡ್ಡಮ್ಮನ ಮಗನದು. ಅಣ್ಣ ಹೊಸದುರ್ಗದಲ್ಲಿ ಬಾಡಿಗೆಗೆ ಓಡಿಸುವ ಹಳೆ ಟಾಟಾ ಇಂಡಿಕಾ. ಚಿತ್ರದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ, ಅಲ್ಲಿಂದ ಹಿರಿಯೂರು, ಮತ್ತೆ ಹೆದ್ದಾರಿ ಹಿಡಿದು ಚಿತ್ರದುರ್ಗ. ಹೀಗೆ ಒಂದು ಸುತ್ತು ಬಂದರೆ 150 ಕಿಲೋಮೀಟರಿಗೂ ಮೇಲಾಗುತ್ತದೆ. ಅಡಿಕೆ ತೋಟ, ತೆಂಗಿನ ತೋಟ, ಗಾಳಿಯಂತ್ರದ ಗುಡ್ಡ, ಶೇಂಗಾ ಹೊಲ ಎಲ್ಲವೂ ಒಂದೇ ದಿನದಲ್ಲಿ ಕಿಟಕಿಯಾಚೆ ಹಾದು ಹೋಗುತ್ತವೆ.

ಆ ಗಾಡಿಯಲ್ಲಿ ಒಂದು ಕಾನೂನಿದೆ. ಓಡಿಸುವವನು ಸೆಟ್ ಮುಟ್ಟಬಾರದು, ಪಕ್ಕದಲ್ಲಿ ಕೂತವನು ನೋಡಿಕೊಳ್ಳಬೇಕು. ಅಣ್ಣ ಓದಿದ್ದು ಏಳನೇ ಕ್ಲಾಸು, ಆದರೆ ಲೆಕ್ಕ ಸರಿ ಹೇಳುತ್ತಾನೆ. ಗಂಟೆಗೆ 60 ಕಿಲೋಮೀಟರ್ ಓಡುವ ಕಾರು ಮೂರು ಸೆಕೆಂಡಿಗೆ 50 ಮೀಟರ್ ಹೋಗುತ್ತದೆ. ಹಾಡು ಬದಲಿಸಲು ಕಣ್ಣು ಕೆಳಗಿಳಿಸಿದರೆ ಮೂರು ಸೆಕೆಂಡು ಆಗಿಯೇ ಆಗುತ್ತದೆ. ನಮ್ಮ ರಸ್ತೆಗಳಲ್ಲಿ ಆ 50 ಮೀಟರಿನೊಳಗೆ ಎಮ್ಮೆ, ಕುರಿ ಹಿಂಡು, ದೀಪ ಇಲ್ಲದ ಟ್ರ್ಯಾಕ್ಟರ್, ರಸ್ತೆ ಮೇಲೆ ಹರಡಿದ ರಾಗಿ ಕಣ ಎಲ್ಲಾ ಸಿಗುತ್ತವೆ. ಹಾಗಾಗಿ ಇಂಡಿಕಾದ ಸೆಟ್ ನನ್ನ ಕೈಗೆ ಬಂತು. ಅದನ್ನು ಓಡಿಸುತ್ತಾ ಓಡಿಸುತ್ತಾ ಕಲಿತದ್ದು ಇದು.

ಆ ಸೆಟ್ಟನ್ನು ಅಣ್ಣ ಬೆಂಗಳೂರಿನ ಗುಜರಿಯಲ್ಲಿ ಕೊಂಡಿದ್ದ. ಯಾರೋ ಹೊರದೇಶದಿಂದ ತಂದದ್ದು. ದನಿ ಚೆನ್ನಾಗಿತ್ತು, ಸಿಡಿ ಓಡುತ್ತಿತ್ತು, ಆದರೆ ಚಿತ್ರದುರ್ಗ ಆಕಾಶವಾಣಿ ಮಾತ್ರ ಮೂಗಿನಲ್ಲಿ ಮಾತಾಡಿದ ಹಾಗೆ ಒಡೆದು ಬರುತ್ತಿತ್ತು. ನಮ್ಮ ಕೇಂದ್ರ 102.6 ಮೆಗಾಹರ್ಟ್ಸ್. ಗುಂಡಿ ಒತ್ತಿದರೆ ಸೆಟ್ 102.5 ತೋರಿಸುತ್ತದೆ, ಇನ್ನೊಂದು ಸಲ ಒತ್ತಿದರೆ 102.7ಕ್ಕೆ ಹಾರುತ್ತದೆ. ನಡುವಿನ ಆರಕ್ಕೆ ನಿಲ್ಲುವುದೇ ಇಲ್ಲ. "ರೇಡಿಯೊ ಹೋಗೈತೆ ಅಣ್ಣ, ಬೇರೆ ಹಾಕ್ಸಿ" ಅಂದರು ಅಂಗಡಿಯವರು.

ರೇಡಿಯೊ ಹೋಗಿರಲಿಲ್ಲ. ಅದು ಅಮೆರಿಕಕ್ಕೆಂದು ತಯಾರಾದ ಸೆಟ್. ಆ ದೇಶದಲ್ಲಿ ಎಫ್‌ಎಂ ಕೇಂದ್ರಗಳ ದಶಾಂಶ ಯಾವಾಗಲೂ ಬೆಸ ಸಂಖ್ಯೆ: 102.5, 102.7, 102.9. ಸೆಟ್ ಕೂಡ ಹಾಗೇ ಒಂದು ಬಿಟ್ಟು ಒಂದು ಹೆಜ್ಜೆ ಇಡುತ್ತದೆ. ನಮ್ಮಲ್ಲಿ ಸಮ ಸಂಖ್ಯೆಯೂ ಇದೆ, ಬೆಸ ಸಂಖ್ಯೆಯೂ ಇದೆ. ಜಪಾನಿನವರು ತಮ್ಮ ದೇಶದೊಳಗಿನ ಬಳಕೆಗೆ ಮಾಡಿದ ಹಳೆ ಸೆಟ್ ಆದರೆ ಕತೆ ಇನ್ನೂ ಕಷ್ಟ. ಅದರ ಎಫ್‌ಎಂ 76ರಿಂದ ಶುರುವಾಗಿ 90ಕ್ಕೆ ಮುಗಿದುಹೋಗುತ್ತದೆ. ನಮ್ಮ ಎಫ್‌ಎಂ ಇರುವುದು 88ರಿಂದ 108ರವರೆಗೆ. ಅಂಥ ಸೆಟ್ ಎಷ್ಟು ಒಳ್ಳೆಯ ಕಂಪನಿಯದಾದರೂ 102.6ಕ್ಕೆ ಏಣಿ ಸಾಲುವುದಿಲ್ಲ.

ಅಮೆರಿಕದ ಸೆಟ್‌ಗಾದರೆ ಬಹಳ ಸಲ ಉಪಾಯ ಇರುತ್ತದೆ. ಮೆನುವಿನಲ್ಲಿ ಏರಿಯಾ ಎಂದೋ, ಎಫ್‌ಎಂ ಸ್ಟೆಪ್ ಎಂದೋ ಒಂದು ಸಾಲು ಇದೆಯಾ ನೋಡಿ. ಕೆಲವು ಸೆಟ್‌ಗಳಲ್ಲಿ ಅದು ಪವರ್ ಆಫ್ ಇದ್ದಾಗ ಗುಂಡಿ ಒತ್ತಿ ಹಿಡಿದರೆ ಮಾತ್ರ ಕಾಣಿಸುತ್ತದೆ. ಎಫ್‌ಎಂ ಹೆಜ್ಜೆಯನ್ನು 50 ಅಥವಾ 100 ಕಿಲೋಹರ್ಟ್ಸ್‌ಗೆ, ಎಎಂ ಹೆಜ್ಜೆಯನ್ನು 9 ಕಿಲೋಹರ್ಟ್ಸ್‌ಗೆ ಬದಲಿಸಬೇಕು. ನಾನು ಬದಲಿಸಿದ ಮರುಗಳಿಗೆ 102.6 ಸ್ಪಷ್ಟವಾಗಿ ಬಂತು. ಅಣ್ಣ ಗಾಡಿ ಪಕ್ಕಕ್ಕೆ ಹಾಕಿ ಒಂದು ಬೀಡಿ ಹಚ್ಚಿದ. ಅವನ ಸಂತೋಷದ ಗುರುತು ಅಷ್ಟೇ.

ಎಎಂ ಹೆಜ್ಜೆ 9 ಏಕೆ ಎಂದು ಕೇಳಬಹುದು. ನಮ್ಮ ಹಿರಿಯರ ಬಾಯಲ್ಲಿದ್ದ ಸಂಖ್ಯೆಗಳನ್ನು ನೆನಪಿಸಿಕೊಳ್ಳಿ. ಬೆಂಗಳೂರು 612, ಭದ್ರಾವತಿ 675, ಧಾರವಾಡ 765. ಮೂರನ್ನೂ 9ರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ. ಮೀಡಿಯಂ ವೇವ್ ಕೇಂದ್ರಗಳನ್ನು ನಮ್ಮಲ್ಲಿ ಒಂಬತ್ತರ ಮಗ್ಗಿಯಂತೆ ಸಾಲಾಗಿ ಕೂರಿಸಿದ್ದಾರೆ. ಅಮೆರಿಕದ ಸೆಟ್ ಹತ್ತರ ಮಗ್ಗಿ ಹೇಳುತ್ತದೆ. 670 ಅನ್ನುತ್ತದೆ, 680 ಅನ್ನುತ್ತದೆ, ಭದ್ರಾವತಿಯನ್ನು ದಾಟಿಯೇ ಹೋಗುತ್ತದೆ.

ಇದು ಗೊತ್ತಾದ ಮೇಲೆ ನನಗೆ ಸೆಟ್ ಬಗ್ಗೆ ಇದ್ದ ಭಯ ಹೋಯಿತು. ಯಾವ ಯಂತ್ರಕ್ಕೂ ತಾನು ಯಾವ ಊರಿನಲ್ಲಿದ್ದೇನೆ ಎಂಬುದು ಹುಟ್ಟಿನಿಂದ ಗೊತ್ತಿರುವುದಿಲ್ಲ. ಹೊಸದಾಗಿ ಬಂದ ಮೇಷ್ಟ್ರಿಗೆ ಊರ ದಾರಿ ತೋರಿಸಿದ ಹಾಗೆ ನಾವೇ ತೋರಿಸಬೇಕು.

ತೋರಿಸಿದ್ದನ್ನು ಅದು ನೆನಪಿಟ್ಟುಕೊಳ್ಳುವ ಜಾಗ 1ರಿಂದ 6ರವರೆಗಿನ ಗುಂಡಿಗಳು. ಬ್ಯಾಂಡ್ ಗುಂಡಿಯಲ್ಲಿ ಎಫ್‌ಎಂ ಮಾಡಿ, 102.6ಕ್ಕೆ ತನ್ನಿ, ಆಮೇಲೆ 1ನ್ನು ಎರಡು-ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಬೀಪ್ ಅಂದರೆ ಬರೆದುಕೊಂಡಿತು ಅಂತ. ಇನ್ನು ಮೇಲೆ ಕಣ್ಣು ರಸ್ತೆ ಬಿಡದೆ ಬೆರಳಿನ ಸ್ಪರ್ಶದಲ್ಲೇ ನಿಮ್ಮ ಜಿಲ್ಲೆ ಸಿಗುತ್ತದೆ. ಟಚ್ ಸ್ಕ್ರೀನಿಗೆ ಇಲ್ಲದ ಗುಣ ಇದು. ನುಣ್ಣನೆ ಗಾಜಿನ ಮೇಲೆ ಬೆರಳಿಗೆ ಏನೂ ತಿಳಿಯುವುದಿಲ್ಲ, ನೋಡಲೇಬೇಕು.

ಗಾಡಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸೆಟ್ ಎಲ್ಲವನ್ನೂ ಮರೆತಿದೆಯೇ? ಹಿಂದಿನ ತಂತಿ ನೋಡಿ. ಸಾಮಾನ್ಯವಾಗಿ ಹಳದಿ ತಂತಿ ಬ್ಯಾಟರಿಯಿಂದ ನೇರ ಬರಬೇಕು, ಕೆಂಪು ತಂತಿ ಕೀ ತಿರುಗಿಸಿದಾಗ ಮಾತ್ರ ಬರುವ ಕರೆಂಟಿಗೆ ಹೋಗಬೇಕು. ಕಪ್ಪು ಅರ್ತ್. ಹಳದಿ ಇರುವುದೇ ನೆನಪಿಗೆ. ಅವಸರದಲ್ಲಿ ಹಳದಿ, ಕೆಂಪು ಎರಡನ್ನೂ ಸೇರಿಸಿ ಕೀಗೆ ಕೊಟ್ಟರೆ ಪ್ರತಿ ಸಲ ಕೀ ತೆಗೆದಾಗ ನೆನಪೂ ಹೋಗುತ್ತದೆ. ಎರಡನ್ನೂ ನೇರ ಬ್ಯಾಟರಿಗೆ ಕೊಟ್ಟರೆ ರಾತ್ರಿ ಮರೆತು ಆನ್ ಬಿಟ್ಟ ದಿನ ಬೆಳಗ್ಗೆ ಗಾಡಿ ತಳ್ಳಬೇಕು. ಬ್ಯಾಟರಿ ಬಿಚ್ಚಿದ ಮೇಲೆ ಕೆಲವು ಕಂಪನಿ ಸೆಟ್‌ಗಳು ನಾಲ್ಕು ಅಂಕಿಯ ಕೋಡ್ ಕೇಳುತ್ತವೆ. ಕಾರು ಕೊಂಡಾಗ ಕೊಟ್ಟ ಕಾರ್ಡಿನಲ್ಲಿ ಅದು ಇರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಆರ್‌ಸಿ, ಇನ್ಶೂರೆನ್ಸ್ ಜೊತೆ ಆ ಕಾರ್ಡನ್ನೂ ಕೇಳಿ ಪಡೆಯಿರಿ. ಸುಮ್ಮನೆ ಯಾವುದೋ ಅಂಕಿ ಒತ್ತುತ್ತಾ ಹೋದರೆ ಸೆಟ್ ಬೀಗ ಹಾಕಿಕೊಂಡು ಕೂರುತ್ತದೆ.

ಇನ್ನು ಗುಡ್ಡದ ವಿಷಯ. ಎಫ್‌ಎಂ ಅಲೆ ಹೆಚ್ಚುಕಮ್ಮಿ ನೇರ ದಾರಿಯಲ್ಲಿ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಸೊರಗುತ್ತದೆ. ನಮ್ಮ ಜಿಲ್ಲೆಯಲ್ಲಿ ಗುಡ್ಡಕ್ಕೇನು ಬರವಿಲ್ಲ. ಇಳಿಜಾರಿಗೆ ಬಂದ ಕೂಡಲೇ ಗೊರಗೊರ, ಏರಿಗೆ ಬಂದ ಕೂಡಲೇ ಮತ್ತೆ ಸ್ಪಷ್ಟ. ಆಗ ಮೆನುವಿನಲ್ಲಿ ಮೋನೊ ಇದ್ದರೆ ಹಾಕಿ. ಎರಡು ಕಡೆಯ ಬೇರೆಬೇರೆ ದನಿ ಒಂದಾಗುತ್ತದೆ, ಆದರೆ ಗೊರಗೊರ ಬಹಳ ಕಡಿಮೆಯಾಗುತ್ತದೆ. ವಾರ್ತೆ ಕೇಳಲು ಅಷ್ಟು ಸಾಕು. ಎಲ್‌ಒಸಿ ಅಂತ ತೋರಿಸುತ್ತಿದ್ದರೆ ತೆಗೆಯಿರಿ. ಅದು ಇದ್ದಾಗ ಸೀಕ್ ಗುಂಡಿ ಜೋರಾದ ಕೇಂದ್ರಗಳಿಗೆ ಮಾತ್ರ ನಿಲ್ಲುತ್ತದೆ. ದೊಡ್ಡ ನಗರದಲ್ಲಿ ಅದು ಸರಿ, ನಮ್ಮಲ್ಲಿ ಇರುವುದೇ ಬೆರಳೆಣಿಕೆ. ಟಿಎ ಅಂತ ಹೊತ್ತಿಕೊಂಡಿದ್ದರೆ ಅದನ್ನೂ ಆರಿಸಿ. ಯುರೋಪಿನ ರೇಡಿಯೊಗಳು ಹಾಡಿನ ನಡುವೆ ಟ್ರಾಫಿಕ್ ಸುದ್ದಿ ಹೇಳುತ್ತವೆ, ಅದನ್ನು ಹಿಡಿಯಲು ಇರುವ ಗುಂಡಿ. ಅದು ಆನ್ ಇದ್ದರೆ ಸೀಕ್ ಒತ್ತಿದಾಗ ಸೆಟ್ ನಮ್ಮಲ್ಲಿಲ್ಲದ ಕೇಂದ್ರವನ್ನು ಹುಡುಕುತ್ತಾ 88ರಿಂದ 108ಕ್ಕೆ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಎಷ್ಟೋ ಸೆಟ್‌ಗಳು ಗುಜರಿ ಸೇರಿದ್ದು ಇಷ್ಟಕ್ಕೇ ಇರಬೇಕು.

ಮೊಬೈಲ್ ಇರುವಾಗ ರೇಡಿಯೊ ಯಾಕೆ ಎಂದು ನನ್ನ ಜೊತೆಯ ವರದಿಗಾರರೂ ಕೇಳುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1907ರಲ್ಲಿ ಮುಗಿದ ಅಣೆಕಟ್ಟು, ಅದಕ್ಕೂ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. 89 ವರ್ಷ. ಅದನ್ನು ನೋಡಿದವರು ಊರಿಗೊಬ್ಬರು ಉಳಿದಿದ್ದರೆ ಹೆಚ್ಚು. ಜನ ಜಾತ್ರೆಯಂತೆ ಮಾರಿಕಣಿವೆಗೆ ಬಂದರು, ಬಂದವರೆಲ್ಲಾ ಫೋನ್ ಎತ್ತಿ ವಿಡಿಯೊ ಕಳಿಸಲು ನಿಂತರು. ನಾವೂ ಅಲ್ಲಿದ್ದೆವು. ನಮ್ಮ ಫೋಟೊ ಅರ್ಧಕ್ಕೆ ಬಂದು ತಿರುಗುತ್ತಲೇ ಇತ್ತು. ಇಂಡಿಕಾದ ರೇಡಿಯೊ ಮಾತ್ರ ಏನೂ ಆಗಿಲ್ಲವೆಂಬಂತೆ ಮಾತಾಡುತ್ತಿತ್ತು.

ಅದರ ಕಾರಣ ಸರಳ. ಮೊಬೈಲ್ ಟವರ್ ಒಬ್ಬೊಬ್ಬರ ಜೊತೆಯೂ ಬೇರೆ ಬೇರೆ ಮಾತಾಡಬೇಕು, ಜನ ಹೆಚ್ಚಾದರೆ ಅದಕ್ಕೆ ಉಸಿರು ಕಟ್ಟುತ್ತದೆ. ರೇಡಿಯೊ ಹಾಗಲ್ಲ. ಊರ ಮುಂದೆ ನಿಂತು ಡಂಗುರ ಸಾರಿದ ಹಾಗೆ. ಹತ್ತು ಜನ ಕೇಳಲಿ, ಹತ್ತು ಲಕ್ಷ ಜನ ಕೇಳಲಿ, ಸಾರುವವನಿಗೆ ಒಂದೇ ಶ್ರಮ. ಮಳೆ, ನೆರೆ, ಕರೆಂಟ್ ಹೋದ ರಾತ್ರಿಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಇನ್ನೊಂದು ಮಾತು: ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂನವರು ಸ್ವಂತ ವಾರ್ತೆ ಮಾಡುವಂತಿಲ್ಲ, ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಹಾಕಬೇಕು. ಆದ್ದರಿಂದ ಗಾಡಿಯಲ್ಲಿ ವಾರ್ತೆ ಬೇಕೆಂದರೆ 102.6ಕ್ಕೇ ಬರಬೇಕು. ಆಕಾಶವಾಣಿ ಎಂಬ ಹೆಸರೇ ನಮ್ಮ ಕಡೆಯದು. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ಶುರು ಮಾಡಿದ ಕೇಂದ್ರದ ಹೆಸರು ಅದು, ಆಮೇಲೆ ಇಡೀ ದೇಶದ ರೇಡಿಯೊಗೆ ಬಂತು.

ಹಾಗೆಂದು ಎಲ್ಲವೂ ಹೀಗೇ ಇರುತ್ತದೆ ಎಂದು ಹೇಳಲಾರೆ. ದೇಶದಲ್ಲಿ ಹಲವು ಮೀಡಿಯಂ ವೇವ್ ಪ್ರಸಾರಗಳನ್ನು ಈಗಾಗಲೇ ನಿಲ್ಲಿಸಿದ್ದಾರೆ. ಹೊಸ ಕಾರುಗಳಲ್ಲಿ ಸಿಡಿ ತೂರುವ ಜಾಗವೇ ಇಲ್ಲ. ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ, ನಮ್ಮ ಊರುಗಳಿಗೆ ಬರುವಷ್ಟರಲ್ಲಿ 2000 ದಾಟಿತ್ತು, ಹದಿನೈದು ವರ್ಷ ಆಡಿ ಹೋಯಿತು. ಆ ಹದಿನೈದು ವರ್ಷದಲ್ಲಿ ನಮ್ಮವರು ಸಿಡಿಯಲ್ಲಿ ಏನು ಹಾಕಿದರು ಎಂಬುದೇ ಈಗಿನ ಪ್ರಶ್ನೆ. ಸಿನಿಮಾ ಹಾಡು ಬಿಡಿ, ಅದು ಎಲ್ಲಾದರೂ ಸಿಗುತ್ತದೆ. ಮದುವೆ, ನಾಮಕರಣ, ಊರ ನಾಟಕ, ಭಜನೆ, ಸೋಬಾನೆ. ಇವು ಬೇರೆಲ್ಲೂ ಸಿಗುವುದಿಲ್ಲ.

ನಮ್ಮ ದೊಡ್ಡಮ್ಮ ಪದ ಹಾಡುತ್ತಿದ್ದಳು. ಸುತ್ತಿನ ಹಳ್ಳಿಗಳಲ್ಲಿ ಮದುವೆ ಅಂದರೆ ಒಂದು ದಿನ ಮುಂಚೆ ಅವಳನ್ನು ಕರೆದುಕೊಂಡು ಹೋಗಲು ಜನ ಬರುತ್ತಿದ್ದರು. ಅಕ್ಕಿ ಕೊಡುತ್ತಿದ್ದರು, ಕುಬಸದ ಕಣ ಕೊಡುತ್ತಿದ್ದರು, ದುಡ್ಡು ಯಾರೂ ಕೊಡುತ್ತಿರಲಿಲ್ಲ, ಅವಳು ಕೇಳುತ್ತಲೂ ಇರಲಿಲ್ಲ. ನಮ್ಮದೇ ಜಿಲ್ಲೆಯ ಚಳ್ಳಕೆರೆ ಸೀಮೆಯಲ್ಲಿ ಸಿರಿಯಜ್ಜಿ ಇದ್ದರು. ಅವರ ಪದಗಳನ್ನು ವಿದ್ವಾಂಸರು ಬಂದು ಸಂಗ್ರಹಿಸಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅಂಥ ಅದೃಷ್ಟ ಎಲ್ಲ ಹಾಡುಗಾರ್ತಿಯರಿಗೂ ಬರುವುದಿಲ್ಲ. ದೊಡ್ಡಮ್ಮನ ಮನೆಗೆ ಯಾವ ವಿದ್ವಾಂಸರೂ ಬರಲಿಲ್ಲ. 2008ರಲ್ಲಿ ಅಣ್ಣ ತಾನೇ ಅವಳನ್ನು ಚಿತ್ರದುರ್ಗದ ಒಂದು ರೆಕಾರ್ಡಿಂಗ್ ಅಂಗಡಿಗೆ ಕರೆದುಕೊಂಡು ಹೋಗಿ ಹನ್ನೊಂದು ಪದ ಹಾಡಿಸಿದ. ಐದು ಸಿಡಿ ಮಾಡಿಸಿದ. ಅಂಗಡಿಯವರು ಚೆಂದ ಕಾಣಲೆಂದು ಸಿಡಿಯ ಮೇಲೆ ದೊಡ್ಡಮ್ಮನ ಫೋಟೊ ಇರುವ ಕಾಗದದ ಸ್ಟಿಕ್ಕರ್ ಅಂಟಿಸಿಕೊಟ್ಟರು.

ಐದರಲ್ಲಿ ನಾಲ್ಕು ನೆಂಟರ ಮನೆಗಳಿಗೆ ಹೋಗಿ ಒಂದೊಂದು ದಾರಿ ಹಿಡಿದವು. ಒಂದು ಮಳೆಗೆ ಸೋರಿದ ಮನೆಯಲ್ಲಿ ಬೂಷ್ಟು ಹಿಡಿಯಿತು, ಒಂದನ್ನು ಮಕ್ಕಳು ಬುಗುರಿಯಂತೆ ತಿರುಗಿಸಿ ಮುಗಿಸಿದರು, ಎರಡು ಎಲ್ಲಿವೆಯೋ ಯಾರಿಗೂ ತಿಳಿಯದು. ಐದನೆಯದು ಇಂಡಿಕಾದಲ್ಲಿತ್ತು. ದೊಡ್ಡಮ್ಮ ತೀರಿಕೊಂಡ ಮೇಲೆ ಅಣ್ಣ ಒಂಟಿಯಾಗಿ ಬಾಡಿಗೆ ಮುಗಿಸಿ ಬರುವಾಗ ಅದನ್ನು ಹಾಕಿಕೊಳ್ಳುತ್ತಿದ್ದ ಎಂದು ಅತ್ತಿಗೆ ಹೇಳಿದ್ದಳು. ನಮ್ಮೆದುರು ಹಾಕಿದ್ದು ಕಡಿಮೆ.

ಹೋದ ಬೇಸಿಗೆಯಲ್ಲಿ ಆ ಸಿಡಿ ಒಳಗೆ ಸಿಕ್ಕಿಕೊಂಡಿತು. ಎಜೆಕ್ಟ್ ಒತ್ತಿದರೆ ಗಿರ್ ಅನ್ನುತ್ತದೆ, ಅರ್ಧ ಇಂಚು ಬಂದು ಮತ್ತೆ ಒಳಗೆ ಹೋಗುತ್ತದೆ. ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಕೈ ಇಡಲಾಗುವುದಿಲ್ಲ. ಆ ಕಾವಿಗೆ ಸ್ಟಿಕ್ಕರಿನ ಗೋಂದು ಕರಗಿ ಅಂಚು ಎದ್ದು ಒಳಗಿನ ರಬ್ಬರ್ ರೋಲರಿಗೆ ಅಂಟಿಕೊಂಡಿತ್ತು. ಇದು ನಮಗೆ ಗೊತ್ತಾದದ್ದು ಆಮೇಲೆ.

ಒಂದು ಅಂಗಡಿಗೆ ಹೋದೆವು. ಹುಡುಗ ನೋಡಿದವನೇ "ಇದನ್ನ ಬಿಸಾಕಿ ಅಣ್ಣ, ಟಚ್ ಸ್ಕ್ರೀನ್ ಹಾಕ್ಕೊಡ್ತೀನಿ, ಒಂದ್ ಗಂಟೆ ಕೆಲ್ಸ" ಅಂದ. ಅಣ್ಣ ಸಿಡಿ ಬೇಕು ಅಂದ. ಹುಡುಗ ಸ್ಟೀಲ್ ಸ್ಕೇಲ್ ತಂದು ಬಾಯಿಗೆ ತೂರಿಸಿ ಮೀಟಲು ಶುರು ಮಾಡಿದ. ಕರ್ ಅಂತ ಸದ್ದು ಬಂತು. ಅಣ್ಣ ಅವನ ಕೈ ಹಿಡಿದ. ಜಗಳ ಆಡಲಿಲ್ಲ. "ಬ್ಯಾಡ ಬಿಡಪ್ಪ, ನಮ್ಮವ್ವ ಅದಾಳೆ ಒಳಗೆ" ಅಂದ. ಹುಡುಗನಿಗೆ ಅರ್ಥವಾಗಲಿಲ್ಲ, ಸ್ಕೇಲ್ ಕೆಳಗಿಟ್ಟು ನನ್ನ ಮುಖ ನೋಡಿದ.

ಆಮೇಲೆ ಹಿರಿಯೂರಿನಲ್ಲಿ ಲಾರಿಗಳ ವೈರಿಂಗ್ ಮಾಡುವ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದೆವು. ಅವರು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ, ಯಾರಿಗಾದರೂ ಬೇಕಾದೀತು. ಮೊದಲು ಬ್ಯಾಟರಿ ಪೂರ್ತಿ ಇದೆಯಾ ನೋಡಿದರು, ಕರೆಂಟ್ ಕಡಿಮೆ ಇದ್ದರೆ ಸಿಡಿ ತಳ್ಳುವ ಸಣ್ಣ ಮೋಟಾರಿಗೆ ಶಕ್ತಿ ಸಾಲದು. ಆಮೇಲೆ ಎಜೆಕ್ಟ್ ಗುಂಡಿಯನ್ನು ಹತ್ತು-ಹದಿನೈದು ಸೆಕೆಂಡು ಒತ್ತಿ ಹಿಡಿದರು, ಹಲವು ಸೆಟ್‌ಗಳಲ್ಲಿ ಅದು ಬಲವಂತದ ಎಜೆಕ್ಟ್. ಬರಲಿಲ್ಲ. ಮುಂಭಾಗದ ಸೂಜಿ ತೂತಿನ ರೀಸೆಟ್ ಒತ್ತಿ ಮತ್ತೆ ನೋಡಿದರು. ಬರಲಿಲ್ಲ. ಆಗ ಬ್ಯಾಟರಿ ಬಿಚ್ಚಿ, ಎರಡು ಪಕ್ಕಕ್ಕೆ ಕೀ ತಗಡು ತೂರಿಸಿ ಸೆಟ್ಟನ್ನು ಡ್ಯಾಶ್‌ಬೋರ್ಡಿನಿಂದ ಎಳೆದರು. ತಂತಿಗಳನ್ನು ಬಿಚ್ಚುವ ಮುಂಚೆ ನನ್ನ ಫೋನಿನಲ್ಲಿ ಫೋಟೊ ತೆಗೆಸಿದರು. ಮೇಲಿನ ತಗಡಿನ ಸ್ಕ್ರೂ ಬಿಚ್ಚಿ, ರೋಲರಿನ ಪ್ಲಾಸ್ಟಿಕ್ ಹಲ್ಲುಚಕ್ರವನ್ನು ಬೆರಳಿನಿಂದ ಒಂದೊಂದೇ ಹಲ್ಲು ತಿರುಗಿಸಿದರು. ಮೇಲೆ ತಗಡು ತೆಗೆದಾಗ ಯಾವ ಕಾರಣಕ್ಕೂ ಕರೆಂಟ್ ಕೊಟ್ಟು ಒಳಗೆ ಬಗ್ಗಿ ನೋಡಬಾರದು ಅಂದರು. ಸಿಡಿ ಓದುವ ಲೇಸರ್ ಬೆಳಕು ಕಣ್ಣಿಗೆ ಹೆಚ್ಚು ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.

ಮುಕ್ಕಾಲು ಗಂಟೆ ಆದ ಮೇಲೆ ಸಿಡಿ ಹೊರಗೆ ಬಂತು. ಸ್ಟಿಕ್ಕರ್ ಅರ್ಧ ರೋಲರಿನಲ್ಲೇ ಉಳಿದಿತ್ತು. ಅವರು ಸಿಡಿಯನ್ನು ಸೂರ್ಯನ ಕಡೆಗೆ ಹಿಡಿದರು. ಹೊರ ಅಂಚಿನಲ್ಲಿ ಹೆಬ್ಬೆರಳ ಅಗಲದ ಒಂದು ಕಡೆ ಬೆಳಕು ಆಚೆಯಿಂದ ಈಚೆ ತೂರಿ ಬರುತ್ತಿತ್ತು.

ಅದರ ಅರ್ಥ ಅವರೇ ಹೇಳಿದರು. ಸಿಡಿಯ ಕೆಳಗಿನ, ಹೊಳೆಯುವ ಬದಿ ಗೀಚಿದರೆ ಉಜ್ಜಿ ಸ್ವಲ್ಪ ಸರಿಮಾಡಬಹುದು. ಮೇಲಿನ, ಹೆಸರು ಬರೆಯುವ ಬದಿಯೇ ನಾಜೂಕು. ದನಿಯನ್ನು ಬರೆದ ಪದರ, ಅದರ ಬೆಳ್ಳಿ ಲೇಪ ಎರಡೂ ಇರುವುದು ಆ ಬದಿಗೆ ಹತ್ತಿರ, ಒಂದು ತೆಳು ಅರಗಿನ ಕೆಳಗೆ. ಸ್ಟಿಕ್ಕರ್ ಕಿತ್ತು ಬಂದರೆ ಬೆಳ್ಳಿಯನ್ನೂ ಕಿತ್ತುಕೊಂಡು ಬರುತ್ತದೆ. ಬೆಳಕು ತೂರಿದ ಕಡೆ ಇನ್ನು ಏನೂ ಇಲ್ಲ, ಯಾರೂ ಅದನ್ನು ಮರಳಿ ತರಲಾರರು.

ಸಿಡಿ ಓದುವುದು ಒಳಗಿನ ಸುತ್ತಿನಿಂದ ಹೊರಗಿನ ಸುತ್ತಿಗೆ, ಗ್ರಾಮಫೋನ್ ತಟ್ಟೆಗೆ ತಿರುಗಾ. ಮೊದಲ ಹಾಡು ಮಧ್ಯದ ತೂತಿನ ಹತ್ತಿರ, ಕೊನೆಯ ಹಾಡು ಅಂಚಿನ ಕಡೆ. ಒಂದು ಫೋಟೊ ಸ್ಟುಡಿಯೊದ ಹಳೆ ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗ ಹತ್ತು ಪದ ಸರಿಯಾಗಿ ಬಂದವು. ಹನ್ನೊಂದನೆಯದು ಒಂದು ಉಸಿರಿನಷ್ಟು ಬಂದು ಟಕ್ ಟಕ್ ಎಂದು ನಿಂತಿತು. ಅದು ಬೀಸುವ ಪದ. ದೊಡ್ಡಮ್ಮ ಮದುವೆ ಮನೆಯಲ್ಲಿ ಹಾಡುತ್ತಿದ್ದುದಲ್ಲ, ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದುದು.

ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ, ಕಾರಿನಲ್ಲಿ, ಟ್ರ್ಯಾಕ್ಟರಿನ ಡಬ್ಬದಲ್ಲಿ ಇಂಥ ಸಿಡಿ ಇದ್ದರೆ ಈ ವಾರವೇ ತೆಗೆದು ನೋಡಿ. ಸ್ಟಿಕ್ಕರ್ ಇದ್ದರೆ ಕೀಳಬೇಡಿ, ಮತ್ತೆ ಕಾರ್ ಸೆಟ್ಟಿಗೆ ಹಾಕಲೂ ಬೇಡಿ. ಧೂಳು ಇದ್ದರೆ ಮೆತ್ತನೆ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಾಗಿ ಉಜ್ಜಬೇಡಿ. ಸಿಡಿ ಡ್ರೈವ್ ಇರುವ ಕಂಪ್ಯೂಟರ್ ಈಗ ಮನೆಗಳಲ್ಲಿ ಸಿಗುವುದಿಲ್ಲ, ಆದರೆ ತಾಲ್ಲೂಕು ಕೇಂದ್ರದ ಹಳೆ ಫೋಟೊ ಸ್ಟುಡಿಯೊಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಎರಡು ತರಹ ಕಾಪಿ ಮಾಡಿಸಿ. ಒಂದು, ಇದ್ದದ್ದು ಇದ್ದ ಹಾಗೆ. ನಿಮಿಷಕ್ಕೆ 10 ಎಂಬಿ ಲೆಕ್ಕ, 50 ನಿಮಿಷದ ಸಿಡಿಗೆ 500 ಎಂಬಿ, ಇದು ಪೆನ್‌ಡ್ರೈವಿನಲ್ಲಿ ಇರಲಿ. ಇನ್ನೊಂದು, ಎಂಪಿ3. ನಿಮಿಷಕ್ಕೆ 1 ಎಂಬಿ ಸಾಕು, ಇದು ಫೋನಿನಲ್ಲಿ ಇರಲಿ, ನೆಂಟರಿಗೆ ಕಳಿಸಿ. ಒಂದೇ ಕಡೆ ಇಟ್ಟರೆ ಇಟ್ಟ ಹಾಗಲ್ಲ. ಕಡತಕ್ಕೆ ಹಾಡಿದವರ ಹೆಸರು, ಊರು, ವರ್ಷ ಬರೆಯಿರಿ. ಟ್ರ್ಯಾಕ್ 01 ಎಂದಿದ್ದರೆ ಇಪ್ಪತ್ತು ವರ್ಷದ ನಂತರ ಅದು ಯಾರ ದನಿ ಎಂದು ಮೊಮ್ಮಕ್ಕಳಿಗೆ ತಿಳಿಯುವುದಿಲ್ಲ.

ಹಾಡುವವರು ಇನ್ನೂ ಬದುಕಿದ್ದರೆ ಸಿಡಿಯ ಚಿಂತೆ ಬಿಡಿ, ಈಗಲೇ ಫೋನ್ ತೆಗೆದು ಎದುರು ಕೂರಿ. ಫ್ಯಾನ್ ಆರಿಸಿ, ಟಿವಿ ಆರಿಸಿ, ಫೋನನ್ನು ಒಂದು ಮೊಳ ದೂರದಲ್ಲಿ ಮೆತ್ತನೆ ಬಟ್ಟೆಯ ಮೇಲಿಡಿ. ಅಷ್ಟು ಸಾಕು.

ಹನ್ನೊಂದನೆಯ ಪದವನ್ನು ನಮ್ಮವ್ವನನ್ನು ಕೇಳಿದೆ. ಅವ್ವ ದೊಡ್ಡಮ್ಮನ ತಂಗಿ, ಇಬ್ಬರೂ ಒಂದೇ ಬೀಸುಕಲ್ಲಿಗೆ ಎದುರುಬದುರು ಕೂತು ಬೆಳೆದವರು. "ನಂಗೆಲ್ಲಿ ಬತ್ತೈತೆ, ನಾನು ಬರೀ ಸೊಲ್ಲು ಹಿಡೀತಿದ್ದೆ, ಪದ ಎತ್ತುತಿದ್ದೋಳು ಅವಳೇ" ಅಂದಳು. ಒತ್ತಾಯ ಮಾಡಿದ ಮೇಲೆ ಅಡುಗೆಮನೆ ಬಾಗಿಲಿಗೆ ಒರಗಿ ಕೂತು, ನನ್ನ ಕಡೆ ನೋಡದೆ, ನಾಲ್ಕು ನುಡಿ ಹಾಡಿದಳು. ಐದನೆಯದು ನೆನಪಾಗಲಿಲ್ಲ. ಹಾಡಿದಷ್ಟನ್ನು ಉಳಿಸಿಕೊಂಡಿದ್ದೇನೆ.

ಅಣ್ಣ ಆ ಪೆನ್‌ಡ್ರೈವ್ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ತಿರುಗಿಸಿ ನೋಡಿದ, ಇಷ್ಟರಲ್ಲಿ ಐತಾ ಅಂತ. ಅವನ ಸೆಟ್ಟಿಗೆ ಪೆನ್‌ಡ್ರೈವ್ ಹಾಕುವ ಜಾಗ ಇಲ್ಲ. ಹೊಸ ಸೆಟ್ ಹಾಕಿಸುವುದೋ ಬಿಡುವುದೋ ಇನ್ನೂ ತೀರ್ಮಾನ ಆಗಿಲ್ಲ. ಹಾಕಿಸಿದರೆ ಒಂದು ಷರತ್ತಿದೆಯಂತೆ: ಅಂಗಡಿಯಲ್ಲಿ ದುಡ್ಡು ಎಣಿಸುವ ಮುಂಚೆ ಅದು 102.6 ಹಿಡಿಯುತ್ತದೋ ಇಲ್ಲವೋ ತೋರಿಸಬೇಕು.